ಕುಲುಮೆಯ ಲೆಕ್ಕದಲ್ಲಿ ಕಾಡು: ಸ್ವೀಡನ್ನಿನ ಕಬ್ಬಿಣದ ಕೈಗಾರಿಕೆಯೂ ಭದ್ರಾವತಿಯೂ

ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಯಲ್ಲಿ, ಮೊದಲು ಬೆಂಕಿಪುರವೆಂಬ ಹೆಸರಿದ್ದು ಆಮೇಲೆ ನದಿಯ ಹೆಸರಿನಿಂದ ಭದ್ರಾವತಿಯೆಂದು ಪ್ರಸಿದ್ಧವಾದ ಊರಿನಲ್ಲಿ, ೧೯೨೩ನೆಯ ಇಸವಿ ಜನವರಿ ೧೮ರಂದು ಕಬ್ಬಿಣದ ಊದುಕುಲುಮೆಯು ಕೆಲಸಕ್ಕೆ ಮೊದಲಾಯಿತು. ಅದಿರು ಬಾಬಾಬುಡನ್ ಗಿರಿಯ ಸಾಲಿನ ಕೆಮ್ಮಣ್ಣುಗುಂಡಿಯದು. ಸುಣ್ಣಕಲ್ಲು ಹತ್ತಿರದಲ್ಲಿಯೇ ದೊರೆಯತಕ್ಕದ್ದು. ಆದರೆ ಸಂಸ್ಥಾನದಲ್ಲಿ ಕಲ್ಲಿದ್ದಲು ಎಲ್ಲಿಯೂ ಇಲ್ಲ. ಬಂಗಾಳ ಬಿಹಾರಗಳಿಂದ ಅದನ್ನು ತರಿಸುವುದಾದರೆ ರೈಲು ಬಾಡಿಗೆಯೇ ಕಬ್ಬಿಣದ ಬೆಲೆಯನ್ನು ನುಂಗುವಂತಿತ್ತು. ಆದಕಾರಣ ಮಲೆನಾಡಿನ ಕಾಡನ್ನೇ ಉರುವಲಾಗಿ ಮಾಡಿಕೊಂಡು, ಸೌದೆಯನ್ನು ಇದ್ದಲು ಮಾಡಿ, ಆ ಇದ್ದಲಿನಿಂದ ಕಬ್ಬಿಣವನ್ನು ಕರಗಿಸುವ ಯೋಜನೆಯು ಸಿದ್ಧವಾಯಿತು.

ಈ ಯೋಜನೆಯ ಹಣದ ಲಾಭನಷ್ಟಗಳನ್ನು ಕುರಿತು ಅನೇಕರು ಬರೆದಿರುತ್ತಾರೆ. ನಮ್ಮ ಪ್ರಶ್ನೆ ಬೇರೆ. ಒಂದು ಕಾರ್ಖಾನೆಯು ವರ್ಷಕ್ಕೆ ಇಷ್ಟು ಸರಕನ್ನು ಹುಟ್ಟಿಸಬೇಕೆಂದು ಗೊತ್ತುಮಾಡುವಾಗ, ಆ ಸರಕಿಗೆ ಆಧಾರವಾದ ಕಾಡು ಮತ್ತೆ ಎಷ್ಟು ಬೆಳೆಯುತ್ತದೆ, ಆ ಕಾಡಿನಲ್ಲಿ ಬದುಕತಕ್ಕ ಜನರ ಗತಿ ಏನಾಗುತ್ತದೆ ಎಂಬ ಎರಡು ವಿಷಯಗಳು ಅದೇ ಲೆಕ್ಕದ ಪುಸ್ತಕದಲ್ಲಿ ಬರುತ್ತವೆಯೆ? ಈಚೆಗೆ ‘ಸುಸ್ಥಿರತೆ’ ಎಂಬ ಪದವು ಬಹಳವಾಗಿ ಕೇಳಬರುತ್ತಿರುವುದರಿಂದ ಇದು ನಮ್ಮ ಕಾಲದ ಹೊಸ ಚಿಂತೆಯೆಂದು ಹಲವರು ತಿಳಿದಿದ್ದಾರೆ. ವಸ್ತುತಃ ಯೂರೋಪಿನ ಒಂದು ದೇಶವು ಇನ್ನೂರು ವರ್ಷಗಳ ಕಾಲ ಇದನ್ನು ಕಾಯಿದೆಯಾಗಿ ನಡೆಸಿತು. ಭದ್ರಾವತಿಯನ್ನು ಸರಿಯಾಗಿ ತೂಗಿ ನೋಡಬೇಕಾದರೆ ಮೊದಲು ಆ ಸ್ವೀಡನ್ ದೇಶದ ಚರಿತ್ರೆಯನ್ನು ಕೊಂಚ ವಿಸ್ತಾರವಾಗಿ ನೋಡಬೇಕು.

ಅದಕ್ಕೆ ಮುಂಚೆ ಇದ್ದಲಿನ ಗಣಿತವನ್ನು ಹೇಳತಕ್ಕದ್ದು ಅವಶ್ಯ. ಸೌದೆಯನ್ನು ಗುಡ್ಡೆ ಹಾಕಿ ಮಣ್ಣು ಮುಚ್ಚಿ ಹೊಗೆಯಾಡಿಸಿದರೆ ನಾಲ್ಕು ಐದು ಟನ್ ಒಣಸೌದೆಗೆ ಒಂದು ಟನ್ ಇದ್ದಲು ದೊರೆಯುತ್ತದೆ. ಹಳೆಯ ಕಾಲದ ಕುಲುಮೆಗಳು ಒಂದು ಟನ್ ಬೀಡುಕಬ್ಬಿಣಕ್ಕೆ ಒಂದು ಟನ್ನಿಗಿಂತ ಹೆಚ್ಚು ಇದ್ದಲನ್ನು ತಿನ್ನುತ್ತಿದ್ದುವು. ಆ ಬೀಡನ್ನು ಮತ್ತೆ ಕಾಯಿಸಿ ಬಡಿದು ಪಟ್ಟಿಕಬ್ಬಿಣ ಮಾಡುವುದಕ್ಕೆ ಹೆಚ್ಚುಕಡಮೆ ಮತ್ತೆ ಅಷ್ಟೇ ಇದ್ದಲು ಬೇಕು. ಅಲ್ಲದೆ ಇದ್ದಲು ಮೆದುವಾದ ವಸ್ತು. ಕಲ್ಲುದಾರಿಯಲ್ಲಿ ಗಾಡಿಯ ಮೇಲೆ ದೂರ ಸಾಗಿಸಿದರೆ ಪುಡಿಯಾಗುತ್ತದೆ; ಕುಲುಮೆಯನ್ನು ಬಹಳ ಎತ್ತರ ಕಟ್ಟಿದರೆ ಮೇಲಿನ ಅದಿರಿನ ಭಾರಕ್ಕೆ ಅಲ್ಲಿಯೂ ನುರಿಯುತ್ತದೆ. ಆದ್ದರಿಂದ ಇದ್ದಲಿನ ಕಬ್ಬಿಣವೆಂದರೆ ಸಣ್ಣ ಕುಲುಮೆ, ಹತ್ತಿರದ ಕಾಡು, ಚೆದುರಿದ ಜನ. ಇದನ್ನು ಒಂದೆಡೆಯಲ್ಲಿ ಮಿತಿಮೀರಿ ಬೆಳೆಯಿಸಲು ಹೋದರೆ ಸುತ್ತಲಿನ ಕಾಡು ಬೋಳಾಗಿ, ದಿನಕ್ಕೊಂದು ಹರದಾರಿ ದೂರದಿಂದ ಇದ್ದಲು ತರಬೇಕಾಗಿ, ಕೊನೆಗೆ ಅದಿರು ಕಾಲಬುಡದಲ್ಲಿದ್ದರೂ ಕುಲುಮೆ ಆರಿಹೋಗುತ್ತದೆ.

ಸ್ವೀಡನ್ನಿನ ನಡುಭಾಗದಲ್ಲಿ ಬೆರ್ಗ್‌ಸ್ಲಾಗೆನ್ ಎಂಬ ಗಣಿಸೀಮೆಯುಂಟು. ಅಲ್ಲಿ ಅದಿರು, ಹರಿಯುವ ನೀರು, ದೇವದಾರು ಜಾತಿಯ ಮರಗಳ ಕಾಡು ಮೂರೂ ಒಂದೆಡೆಯಲ್ಲಿ ಕೂಡಿದ್ದುವು. ಆದರೆ ಉತ್ತರದ ಚಳಿಯಲ್ಲಿ ಒಂದು ಮರವು ಪಕ್ವವಾಗಲು ಎಂಬತ್ತು ನೂರು ವರ್ಷಗಳು ಬೇಕು. ಗಣಿಸೀಮೆಯ ಒಕ್ಕಲಿಗರೇ ಪಾಲುಗಾರರಾಗಿ ಕುಲುಮೆಗಳನ್ನು ಕಟ್ಟಿಕೊಂಡು, ತಮ್ಮ ತಮ್ಮ ಸರದಿಯಲ್ಲಿ ಕಬ್ಬಿಣ ಕರಗಿಸುತ್ತಿದ್ದರು. ಶರತ್ಕಾಲದಲ್ಲಿ ಇದ್ದಲಿನ ಗುಡ್ಡೆ. ಅದು ವಾರಗಟ್ಟಲೆ ಹೊಗೆಯಾಡುತ್ತಿರುವಾಗ ಕಾವಲುಗಾರನು ಪಕ್ಕದ ಸಣ್ಣ ಗುಡಿಸಲಿನಲ್ಲಿ ಅರೆನಿದ್ರೆ ಮಾಡುತ್ತ, ಎಲ್ಲಿಯಾದರೂ ಮಣ್ಣು ಬಿರಿದು ಜ್ವಾಲೆ ಕಂಡರೆ ಎದ್ದು ಮುಚ್ಚಬೇಕು. ಚಳಿಗಾಲದಲ್ಲಿ ಹಿಮದ ಮೇಲೆ ಜಾರುಬಂಡಿಗಳಿಂದ ಸಾಗಾಟ. ಹಿಮವೇ ಅವರಿಗೆ ಹೆದ್ದಾರಿ. ವಸಂತದಲ್ಲಿ ಹಿಮ ಕರಗಿ ತೊರೆಗಳು ತುಂಬಿದಾಗ ತಿದಿಯ ನೀರುಗಾಲಿ ತಿರುಗುತ್ತದೆ. ಹೀಗೆ ವರ್ಷದ ಉತ್ಪತ್ತಿಯ ಕ್ರಮವನ್ನು ಋತುಗಳೇ ಗೊತ್ತುಮಾಡುತ್ತಿದ್ದುವು.

ಹದಿನೇಳನೆಯ ಶತಮಾನದಲ್ಲಿ ಸ್ವೀಡನ್ನು ಯುದ್ಧಗಳಲ್ಲಿ ತೊಡಗಿ, ತೋಪುಗಳಿಗೂ ಹೊರನಾಡಿನ ಹಣಕ್ಕೂ ಕಬ್ಬಿಣ ಹೆಚ್ಚಾಗಿ ಬೇಕಾಯಿತು. ಡಚ್ ವರ್ತಕನಾದ ಲೂಯಿ ಡಿ ಗೀರ್ ಮೊದಲಾದವರು ಬಂಡವಾಳವನ್ನು ತಂದರು. ಈಗಿನ ಬೆಲ್ಜಿಯಂ ಪ್ರಾಂತದಿಂದ ವಲೂನ್ ಕಮ್ಮಾರರು ಬಂದರು. ಸುತ್ತಿಗೆಶಾಲೆಗಳು ಹೆಚ್ಚಿದುವು. ಕಾಡಿನ ಮೇಲೆ ಬಿದ್ದ ಭಾರವನ್ನು ಕಂಡು ರಾಜ್ಯವು ೧೬೩೭ರಲ್ಲಿ ಗಣಿಗಳಿಗಾಗಿ ಒಂದು ಇಲಾಖೆಯನ್ನು ಸ್ಥಾಪಿಸಿತು. ೧೬೪೯ರಿಂದ ಅದಕ್ಕೆ ಬೆರ್ಗ್ಸ್‌ಕೊಲೇಜಿಯಂ, ಎಂದರೆ ಗಣಿಮಂಡಲಿ, ಎಂದು ಹೆಸರಾಯಿತು. ಈ ಮಂಡಲಿಯು ಮಾಡಿದ ಏರ್ಪಾಟೇ ನಮ್ಮ ವಿಷಯದ ಮರ್ಮ.

ಮಂಡಲಿಯು ಮೊದಲು ಕೆಲಸವನ್ನು ನೆಲದ ಮೇಲೆ ಹಂಚಿತು. ಅದಿರು ಇರುವಲ್ಲಿ ಕುಲುಮೆ ಮಾತ್ರ ಇರಬೇಕು. ಬೀಡನ್ನು ಬಡಿಯುವ ಸುತ್ತಿಗೆಶಾಲೆಗಳು ಗಣಿಸೀಮೆಯನ್ನು ಬಿಟ್ಟು ವೆರ್ಮ್‌ಲಾಂಡ್ ಮೊದಲಾದ ದೂರದ ಕಾಡುಸೀಮೆಗಳಿಗೆ ಹೋಗಬೇಕು. ಎರಡು ಬಾಯಿಗಳು ಒಂದೇ ಕಾಡನ್ನು ತಿನ್ನಬಾರದೆಂಬುದೇ ಇದರ ಅಭಿಪ್ರಾಯ. ಅನಂತರ ಪ್ರತಿಯೊಂದು ಸುತ್ತಿಗೆಶಾಲೆಗೂ ಒಂದು ಸನ್ನದು. ಅದರಲ್ಲಿ ಆ ಶಾಲೆಯು ವರ್ಷಕ್ಕೆ ಇಷ್ಟು ತೂಕದ ಪಟ್ಟಿಕಬ್ಬಿಣವನ್ನು ಮಾತ್ರ ಬಡಿಯತಕ್ಕದ್ದೆಂದು ಬರೆದಿರುತ್ತಿತ್ತು. ಸುತ್ತಣ ಕಾಡು ಎಷ್ಟು ಇದ್ದಲನ್ನು ಕೊಡಬಲ್ಲದು, ಅದರಲ್ಲಿ ನೆರೆಯ ಶಾಲೆಗೆಷ್ಟು, ಒಕ್ಕಲುಗಳ ಒಲೆಗೆಷ್ಟು ಎಂಬುದನ್ನು ವಿಚಾರಿಸಿಯೇ ಆ ಅಂಕಿಯನ್ನು ಗೊತ್ತುಮಾಡಬೇಕು. ಕಬ್ಬಿಣವೆಲ್ಲ ಬಂದರುಪಟ್ಟಣದ ಸರ್ಕಾರಿ ತಕ್ಕಡಿಯ ಮೇಲೆ ಹಾದುಹೋಗಬೇಕಾಗಿದ್ದುದರಿಂದ ಮಿತಿಮೀರಿದವನು ಸಿಕ್ಕಿಬೀಳುತ್ತಿದ್ದನು, ದಂಡ ತೆರುತ್ತಿದ್ದನು. (ಕದ್ದು ಬಡಿದವರು ಇರಲಿಲ್ಲವೆಂದು ಯಾರೂ ಹೇಳಲಾರರು; ತಕ್ಕಡಿ ಇರುವಲ್ಲಿ ಕಳ್ಳದಾರಿಯೂ ಇರುತ್ತದೆ.) ಇದಲ್ಲದೆ ಅರಸಿನ ಕಾಡುಗಳಲ್ಲಿ ಕೆಲವನ್ನು ಒಂದು ಗುತ್ತಿಗೆಯ ಕಾಣಿಕೆಗೆ ಶಾಲೆಗಳಿಗೆ ಒಪ್ಪಿಸಿಕೊಡುತ್ತಿದ್ದರು, ಸುತ್ತಲಿನ ರೈತರು ತಮ್ಮ ಇದ್ದಲನ್ನು ಗೊತ್ತಾದ ಶಾಲೆಗೇ ಗೊತ್ತಾದ ಧಾರಣೆಗೆ ಮಾರತಕ್ಕದ್ದೆಂದು ಕಟ್ಟುಮಾಡಿದರು.

ಇಂದಿನ ಕಾರ್ಖಾನೆಯ ಯೋಜಕನು ಮೊದಲು ಪೇಟೆಯ ಬೇಡಿಕೆಯನ್ನು ಎಣಿಸಿ, ಅದರಿಂದ ಯಂತ್ರದ ಗಾತ್ರವನ್ನೂ, ಯಂತ್ರದಿಂದ ಕಚ್ಚಾಸಾಮಗ್ರಿಯ ಮೊತ್ತವನ್ನೂ ಇಳಿಸಿಕೊಂಡು ಬರುತ್ತಾನೆ. ಗಣಿಮಂಡಲಿಯ ಲೆಕ್ಕವು ಕಾಡಿನಿಂದ ಹೊರಟು ಸುತ್ತಿಗೆಯವರೆಗೆ ಏರುತ್ತಿತ್ತು. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಸ್ವೀಡನ್ನಿನ ಕಬ್ಬಿಣವು ವರ್ಷಕ್ಕೆ ಸುಮಾರು ೪೦,೦೦೦ ಟನ್ನಿನಷ್ಟು ಹೊರನಾಡಿಗೆ ಹೋಗುತ್ತಿತ್ತು. ಅದರಲ್ಲಿ ಹೆಚ್ಚು ಭಾಗವನ್ನು ಕೊಳ್ಳುತ್ತಿದ್ದವರು ಬ್ರಿಟಿಷರು. ಬೇಡಿಕೆ ಇನ್ನೂ ಇತ್ತು. ಆದರೂ ೧೭೪೦ರ ದಶಕದಲ್ಲಿ ಮಿತಿಯನ್ನು ಸಡಿಲಿಸುವುದಕ್ಕೆ ಬದಲಾಗಿ ಬಿಗಿಗೊಳಿಸಿದರು.

ಇಲ್ಲಿ ಒಂದು ವಾದವುಂಟು. ೧೭೪೭ರಲ್ಲಿ ಕಬ್ಬಿಣದ ಯಜಮಾನರೆಲ್ಲ ಸೇರಿ ಯೆರ್ನ್‌ಕೊಂಟೊರೆಟ್ ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡರು. ವಿದೇಶದ ವರ್ತಕರು ಬೆಲೆಯನ್ನು ಕೆಳಕ್ಕೆ ತಳ್ಳದಂತೆ ಯಜಮಾನರಿಗೆ ಸಾಲ ಕೊಟ್ಟು ಆಧರಿಸುವುದು ಅದರ ಕೆಲಸ. ಆದಕಾರಣ ಉತ್ಪತ್ತಿಯ ಮಿತಿಯೆಲ್ಲ ಬೆಲೆಯನ್ನು ಎತ್ತಿಹಿಡಿಯುವ ಉಪಾಯವೆಂತಲೂ, ಕಾಡಿನ ಮಾತು ಬರಿಯ ನೆವವೆಂತಲೂ ಕೆಲವರು ಹೇಳುತ್ತಾರೆ. ಕಾಡಿನ ಭಯವು ನಿಜವಾಗಿತ್ತೆಂದು ಇನ್ನು ಕೆಲವರು. ನಮಗೆ ತೋರುವಂತೆ ಎರಡೂ ಉಂಟು. ಬೆಲೆಯೊಂದೇ ಗುರಿಯಾಗಿದ್ದರೆ ಇಡೀ ದೇಶಕ್ಕೆ ಒಂದು ಮೊತ್ತವನ್ನು ಗೊತ್ತುಮಾಡಿ ಯಜಮಾನರೊಳಗೆ ಹಂಚಿದ್ದರೆ ಸಾಕಾಗುತ್ತಿತ್ತು. ಯಾವ ಹಳ್ಳದ ಬಳಿ ಯಾವ ಶಾಲೆ, ಅದಕ್ಕೆ ಯಾವ ಕಾಡು ಎಂದು ಸೀಮೆಸೀಮೆಗೂ ಹೋಗಿ ವಿಚಾರಣೆ ನಡೆಸಬೇಕಾದ ಪ್ರಯಾಸ ಅವಶ್ಯವಿರಲಿಲ್ಲ. ಕಾಡನ್ನು ಉಳಿಸಿದ ಕಟ್ಟು ಯಜಮಾನನ ಲಾಭವನ್ನೂ ಉಳಿಸಿದ್ದರಿಂದಲೇ ಅದು ಇಷ್ಟು ಕಾಲ ನಿಂತಿತೆಂದು ಹೇಳಬಹುದು.

ಇದೇ ಕಾಲದಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಫ್ರೈಬರ್ಗಿನ ಬೆಳ್ಳಿಗಣಿಗಳ ಮುಖ್ಯಾಧಿಕಾರಿಯಾಗಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಎಂಬಾತನು ೧೭೧೩ರಲ್ಲಿ ಲೈಪ್‌ಜಿಗ್ಗಿನಲ್ಲಿ ಅರಣ್ಯಶಾಸ್ತ್ರದ ಮೇಲೆ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಬೆಳೆದಷ್ಟನ್ನೇ ಕಡಿಯುವ ‘ಬಾಳಿಕೆಯ ಬಳಕೆ’ ಎಂಬ ಅರ್ಥದಲ್ಲಿ ಇಂದಿನ ಸುಸ್ಥಿರತೆಯ ಜರ್ಮನ್ ಪದವು ಮೊದಲು ಅಚ್ಚಾದದ್ದು ಆ ಗ್ರಂಥದಲ್ಲಿಯೇ ಎಂದು ಹೇಳುವ ವಾಡಿಕೆಯುಂಟು. ಅದು ಕಾಡಿನ ಸೊಬಗಿಗೆ ಮರುಳಾದ ಕವಿಯೊಬ್ಬನ ಬಾಯಿಂದ ಹುಟ್ಟದೆ, ಬೆಳ್ಳಿ ಕರಗಿಸುವ ಕುಲುಮೆಗೆ ಸೌದೆ ಒದಗಿಸಬೇಕಾದ ಅಧಿಕಾರಿಯೊಬ್ಬನ ಲೇಖನಿಯಿಂದ ಹುಟ್ಟಿತೆಂಬುದು ಗಮನಾರ್ಹ.

ಇಷ್ಟರವರೆಗೆ ಮರಗಳ ಮಾತಾಯಿತು. ಮನುಷ್ಯರ ಮಾತು ಇಷ್ಟು ಸುಗಮವಲ್ಲ.

ಹದಿನಾರನೆಯ ಶತಮಾನದ ಕೊನೆಯಲ್ಲಿ ಫಿನ್ಲೆಂಡಿನ ಸಾವೊ ಪ್ರಾಂತದಿಂದ ಅನೇಕ ಕುಟುಂಬಗಳು ಸ್ವೀಡನ್ನಿನ ನಿರ್ಜನ ಕಾಡುಗಳಿಗೆ ಬಂದು ನೆಲಸಿದುವು. ಅರಸನೇ ಇವರಿಗೆ ತೆರಿಗೆಯ ವಿನಾಯಿತಿ ಕೊಟ್ಟು ಬರಮಾಡಿಕೊಂಡನು. ಇವರ ಬೇಸಾಯವು ನಮ್ಮ ಘಟ್ಟದ ಕಡೆಯ ಕುಮರಿಯನ್ನೇ ಹೋಲತಕ್ಕದ್ದು: ಕಾಡನ್ನು ಕಡಿದು ಒಣಗಿಸಿ ಸುಟ್ಟು, ಬೂದಿಯಲ್ಲಿ ರೈ ಧಾನ್ಯವನ್ನು ಬಿತ್ತಿ, ಒಂದೆರಡು ಬೆಳೆ ತೆಗೆದು, ಮುಂದಕ್ಕೆ ಹೋಗುವುದು. ಒಂದು ಕಾಳಿಗೆ ಅಪರಿಮಿತವಾದ ಫಲ ಬರುತ್ತಿತ್ತೆಂದು ಪ್ರತೀತಿ. ಎರಡು ತಲೆಮಾರು ಕಳೆಯುವುದರೊಳಗಾಗಿ ಅದೇ ಕಾಡುಗಳಿಗೆ ಸುತ್ತಿಗೆಶಾಲೆಗಳು ಬಂದುವು. ಹಿಂದೆ ಪಾಳುನೆಲವನ್ನು ಸಾಗುವಳಿಗೆ ತಂದ ಸತ್ಪ್ರಜೆ ಈಗ ಇದ್ದಲನ್ನು ಹಾಳುಮಾಡುವ ಅಪರಾಧಿಯಾದನು. ೧೬೪೭ರ ಅರಣ್ಯಶಾಸನವು ಸುಡುವ ಬೇಸಾಯವನ್ನು ಕಟ್ಟಿತು. ಅಪ್ಪಣೆಯಿಲ್ಲದೆ ಕಾಡಿನಲ್ಲಿದ್ದವರನ್ನು ಎಬ್ಬಿಸುವ ಬೆದರಿಕೆಯೂ ಬಂತು. ಕೆಲವರು ಪಶ್ಚಿಮಕ್ಕೆ ನಾರ್ವೆಯ ಗಡಿಯ ಕಡೆ ಸರಿದರು; ಉಳಿದವರು ಕ್ರಮೇಣ ಶಾಲೆಗಳಿಗೆ ಇದ್ದಲು ಸುಡುವ ಒಕ್ಕಲಾದರು. ಅವರ ಭಾಷೆಯು ವೆರ್ಮ್‌ಲಾಂಡಿನ ಮೂಲೆಗಳಲ್ಲಿ ೧೯೬೦ರ ದಶಕದವರೆಗೂ ಒಬ್ಬಿಬ್ಬರ ಬಾಯಲ್ಲಿ ಉಳಿದಿತ್ತು. ಮೈಸೂರಿನಲ್ಲಿಯೂ ಕನ್ನಡ ಜಿಲ್ಲೆಯಲ್ಲಿಯೂ ಹತ್ತೊಂಬತ್ತನೆಯ ಶತಮಾನದ ನಡುವೆ ಕುಮರಿಯನ್ನು ನಿರ್ಬಂಧಿಸಿದ ಕಾಲದಲ್ಲಿ ಆಡಿದ ಮಾತುಗಳನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಅಲ್ಲಿ ಕಬ್ಬಿಣಕ್ಕಾಗಿ, ಇಲ್ಲಿ ಹಡಗಿನ ಸಾಗುವಾನಿಗಾಗಿ, ಅಷ್ಟೆ.

ಇದ್ದಲಿನ ಒಕ್ಕಲಿನ ಸ್ಥಿತಿಯನ್ನು ಶಾಲೆಯೊಳಗಿನ ಕಮ್ಮಾರನ ಸ್ಥಿತಿಯೊಡನೆ ಹೋಲಿಸಿ ನೋಡತಕ್ಕದ್ದು. ಉಪ್ಲಾಂಡಿನ ಲಾವ್‌ಸ್ತಾ ಎಂಬಲ್ಲಿ ಡಿ ಗೀರ್ ಮನೆತನದ ದೊಡ್ಡ ಶಾಲೆಯಿತ್ತು. ೧೭೧೯ರಲ್ಲಿ ರಷ್ಯದ ಸೈನ್ಯವು ಅದನ್ನು ಸುಟ್ಟುಹಾಕಿದ ಮೇಲೆ ಮತ್ತೆ ಕಟ್ಟಿದರು. ನೇರವಾದ ಬೀದಿ, ಸಾಲು ಮನೆಗಳು, ಚರ್ಚು; ಕಮ್ಮಾರನಿಗೆ ಬಾಡಿಗೆಯಿಲ್ಲದ ಮನೆ, ಗೊತ್ತಾದ ಧಾರಣೆಗೆ ಧಾನ್ಯ, ಮುಪ್ಪಿನಲ್ಲಿ ಜೀವನಾಂಶ, ವಿಧವೆಗೆ ಆಸರೆ, ಮಕ್ಕಳಿಗೆ ಪಾಠಶಾಲೆ, ರೋಗಿಗೆ ವೈದ್ಯ. ಹದಿನೆಂಟನೆಯ ಶತಮಾನದಲ್ಲಿ ಇಷ್ಟನ್ನು ಕಾರ್ಖಾನೆಯ ಖರ್ಚಿನಲ್ಲಿಯೇ ಸೇರಿಸಿದ್ದುದು ಸಾಮಾನ್ಯವಲ್ಲ. ಕುಶಲಿಯಾದ ಕಮ್ಮಾರನು ಬಿಟ್ಟುಹೋದರೆ ಮತ್ತೊಬ್ಬನು ಸಿಕ್ಕುವುದು ಕಷ್ಟವಾದ್ದರಿಂದ ಈ ಔದಾರ್ಯಕ್ಕೆ ಕಾರಣವೂ ಇತ್ತು. ಆದರೆ ಈ ಬೀದಿಯ ಆಚೆಗೆ, ಕಾಡಿನಲ್ಲಿ, ಶಾಲೆಗೆ ಬೇಕಾದ ಇದ್ದಲನ್ನೆಲ್ಲ ಸುಟ್ಟು ಹೊತ್ತು ತರುವ ಒಕ್ಕಲಿಗನಿಗೆ ಇದಾವುದೂ ಇಲ್ಲ. ಬರಗಾಲದಲ್ಲಿ ಶಾಲೆಯ ಉಗ್ರಾಣದಿಂದ ಧಾನ್ಯವನ್ನು ಮುಂಗಡವಾಗಿ ತರುತ್ತಾನೆ. ಅದನ್ನು ಇದ್ದಲಿನಿಂದ ತೀರಿಸುತ್ತಾನೆ. ಇದ್ದಲಿನ ಧಾರಣೆ ಅವನ ಕೈಯಲ್ಲಿಲ್ಲ, ಬೇರೆಯವರಿಗೆ ಮಾರುವ ಹಕ್ಕೂ ಇಲ್ಲ. ತಂದೆಯ ಸಾಲವನ್ನು ಮಗನು ಹೊರುವನು. ಮಿತವಾದ ಉತ್ಪತ್ತಿಯಿಂದ ಕಬ್ಬಿಣದ ಬೆಲೆಯು ಎತ್ತರದಲ್ಲಿ ನಿಂತಾಗಲೂ ಅದರ ಪಾಲು ಅವನವರೆಗೆ ಇಳಿಯಲಿಲ್ಲ.

ಮಂಡಲಿಯ ದೃಷ್ಟಿಯಲ್ಲಿ ಇನ್ನೊಂದು ಕೊರತೆಯನ್ನೂ ಹೇಳಬೇಕು. ಫಾಲುನ್ ಎಂಬಲ್ಲಿಯ ದೊಡ್ಡ ತಾಮ್ರದ ಗಣಿಯಲ್ಲಿ ಗಂಧಕದ ಅದಿರನ್ನು ಬಯಲಿನಲ್ಲಿ ಹುರಿಯುತ್ತಿದ್ದುದರಿಂದ ಊರ ಸುತ್ತ ಹಸಿರು ನಿಲ್ಲುತ್ತಿರಲಿಲ್ಲ. ೧೭೩೪ರಲ್ಲಿ ಸಸ್ಯಶಾಸ್ತ್ರಜ್ಞನಾದ ಲಿನ್ನೇಯಸನು ಆ ಊರನ್ನು ನೋಡಿ ಹೋದನು. ಹೊಗೆಯಿಂದ ಪ್ಲೇಗು ಬರುವುದಿಲ್ಲವೆಂದು ಜನರು ಸಮಾಧಾನ ಪಡೆಯುತ್ತಿದ್ದರಂತೆ! ಕಡಿದ ಮರವನ್ನು ಎಣಿಸುವ ಕ್ರಮ ದೊರೆತಿತ್ತು. ಉಸಿರಿನಲ್ಲಿ ಸೇರಿದ ಹೊಗೆಯನ್ನು ಎಣಿಸುವ ಕ್ರಮವಿರಲಿಲ್ಲ.

ಈ ವ್ಯವಸ್ಥೆಯ ಅಂತ್ಯವನ್ನು ಬೇಗನೆ ಹೇಳಿ ಮುಗಿಸಬಹುದು. ಇಂಗ್ಲೆಂಡಿನಲ್ಲಿ ಏಬ್ರಹಾಂ ಡಾರ್ಬಿಯು ೧೭೦೯ರಲ್ಲಿ ಕಲ್ಲಿದ್ದಲಿನ ಕೋಕಿನಿಂದ ಕಬ್ಬಿಣವನ್ನು ಕರಗಿಸಿದ್ದನು. ೧೭೮೪ರಲ್ಲಿ ಹೆನ್ರಿ ಕಾರ್ಟನು ಬೀಡನ್ನು ಕಲ್ಲಿದ್ದಲಿನ ಬೆಂಕಿಯಲ್ಲಿಯೇ ಪಟ್ಟಿಕಬ್ಬಿಣ ಮಾಡುವ ಕ್ರಮವನ್ನು ಕಂಡುಹಿಡಿದನು. ಕಾಡಿನ ಮಿತಿಯು ಇಂಗ್ಲಿಷರಿಗೆ ಇಲ್ಲದಂತಾಯಿತು. ಸ್ವೀಡನ್ನಿನವರು ಇದ್ದಲನ್ನು ಕಡಮೆ ತಿನ್ನುವ ಹೊಸ ಒಲೆಗಳನ್ನು ಬಳಕೆಗೆ ತಂದು, ಉತ್ತಮ ಉಕ್ಕಿಗೆ ಬೇಕಾದ ಶುದ್ಧ ಕಬ್ಬಿಣವೆಂಬ ಕೀರ್ತಿಯಿಂದ ಪೇಟೆಯಲ್ಲಿ ನಿಂತರು. ಸನ್ನದಿನ ಮಿತಿಗಳನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ತೆಗೆದುಹಾಕಿದರು.

ಸ್ವೀಡನ್ನಿನ ಈ ವಿದ್ಯೆಯು ಹಿಂದೂದೇಶಕ್ಕೂ ಬಂದಿತ್ತೆಂಬುದು ಅನೇಕರಿಗೆ ತಿಳಿಯದು. ೧೮೬೦ರ ದಶಕದ ಆದಿಯಲ್ಲಿ ನರ್ಮದಾತೀರದ ಬರ್ವಾಹದಲ್ಲಿ ಮಿಟಾಂಡರ್ ಎಂಬವರೂ, ಹಿಮಾಲಯದ ತಪ್ಪಲಿನ ಕುಮಾವೂನಿನಲ್ಲಿ ರಾಮ್ಸೆ ಮತ್ತು ವಿಟೆನ್‌ಸ್ಟ್ರೋಮ್ ಎಂಬವರೂ ಇದ್ದಲಿನ ಕುಲುಮೆಗಳನ್ನು ಕಟ್ಟಿಸಿದರು. ಮೂವರೂ ಸ್ವೀಡನ್ನಿನವರು. ಅವರ ಕೆಲಸವು ನೆಲೆಗೊಳ್ಳುವ ಮೊದಲೇ ಹಣದ ಬೆಂಬಲವು ನಿಂತು ಎರಡು ಕಡೆಯೂ ಕುಲುಮೆಗಳು ಆರಿದುವು. ಸ್ವದೇಶದಲ್ಲಿ ತಲೆಮಾರುಗಳಿಂದ ಕೂಡಿಬಂದ ಇದ್ದಲಿನ ಒಕ್ಕಲು, ಗಣಿಮಂಡಲಿ, ಸಾಗಾಟದ ಹಿಮ ಇವೊಂದೂ ಇಲ್ಲಿ ಇರಲಿಲ್ಲ. ಕುಲುಮೆಯ ಇಟ್ಟಿಗೆಯನ್ನು ಮಾತ್ರ ತರಬಹುದಾಗಿತ್ತು.

ನಮ್ಮ ನಾಡಿನಲ್ಲಿಯಾದರೋ ಹಳೆಯ ಕ್ರಮವೊಂದು ಇದ್ದೇ ಇತ್ತು. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಮಾಗಡಿ, ಮಧುಗಿರಿ, ಚನ್ನರಾಯನದುರ್ಗ ಮೊದಲಾದ ಕಡೆಗಳಲ್ಲಿ ಕಬ್ಬಿಣ ಕರಗಿಸುವವರನ್ನು ಕಂಡು, ಒಂದೊಂದು ಕುಲುಮೆಗೆ ಇದ್ದಲು ಸುಡುವವರೆಷ್ಟು, ತಿದಿಯೊತ್ತುವವರೆಷ್ಟು ಎಂದು ಬರೆದಿಟ್ಟಿದ್ದಾನೆ. ಮಳೆಗಾಲದ ಹಳ್ಳಗಳು ಬೆಟ್ಟದಿಂದ ತಂದುಹಾಕಿದ ಕರಿಯ ಮರಳೇ ಕೆಲವು ಕಡೆ ಅದಿರು. ಮಳೆ ಕೊಟ್ಟಷ್ಟು ಅದಿರು, ಸುತ್ತಲಿನ ಕುರುಚಲು ಕೊಟ್ಟಷ್ಟು ಇದ್ದಲು; ಅದಕ್ಕಿಂತ ಹೆಚ್ಚಿನ ಕಬ್ಬಿಣವನ್ನು ಯಾರೂ ಯೋಜಿಸುವಂತಿರಲಿಲ್ಲ. ಬಡತನದ ಮಿತಿಯನ್ನು ವಿವೇಕದ ಮಿತಿಯೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣವು ಆ ಕುಲುಮೆಗಳನ್ನು ಆರಿಸಿತು.

ಈಗ ಭದ್ರಾವತಿಗೆ ಬರೋಣ. ಕುಲುಮೆಯ ಶಕ್ತಿ ದಿನಕ್ಕೆ ಸುಮಾರು ೬೦ ಟನ್ ಬೀಡುಕಬ್ಬಿಣ. ಟನ್ನಿಗೆ ಹೆಚ್ಚುಕಡಮೆ ಒಂದು ಟನ್ ಇದ್ದಲೆಂದೂ, ಅದಕ್ಕೆ ಮೂರುವರೆ ಟನ್ ಸೌದೆಯೆಂದೂ ಹಿಡಿದರೆ ದಿನಕ್ಕೆ ೨೦೦ ಟನ್ನಿಗೆ ಮೇಲ್ಪಟ್ಟು, ವರ್ಷಕ್ಕೆ ೭೦,೦೦೦ ಟನ್ನಿನಷ್ಟು ಸೌದೆ ಬೇಕು. ಒಂದು ಎಕರೆ ಕಾಡು ವರ್ಷಕ್ಕೆ ಒಂದು ಟನ್ ಹೊಸದಾಗಿ ಬೆಳೆಯುವುದೆಂದು ಸ್ಥೂಲವಾಗಿ ಇಟ್ಟುಕೊಂಡರೂ ೭೦,೦೦೦ ಎಕರೆ, ಎಂದರೆ ನೂರು ಚದರ ಮೈಲಿಗೆ ಮೇಲ್ಪಟ್ಟ ಕಾಡು ಈ ಒಂದು ಕುಲುಮೆಗಾಗಿಯೇ ಎಂದೆಂದಿಗೂ ಬೆಳೆಯುತ್ತಿರಬೇಕು. ಕಾಡಿನೊಳಕ್ಕೆ ಟ್ರಾಂ ಹಳಿಗಳನ್ನು ಹಾಕಿ ಸೌದೆಯನ್ನು ತಂದರು. ಅದನ್ನು ಮಣ್ಣಿನ ಗುಡ್ಡೆಯಲ್ಲಿ ಸುಟ್ಟು ಹೊಗೆಯನ್ನು ಗಾಳಿಗೆ ಬಿಡದೆ, ಮುಚ್ಚಿದ ಬಟ್ಟಿಗಳಲ್ಲಿ ಕಾಯಿಸಿ, ಹೊಗೆಯಿಂದ ಮರದ ಮದ್ಯಸಾರ, ಸುಣ್ಣದ ಅಸಿಟೇಟು, ಡಾಂಬರು ಇವುಗಳನ್ನು ಹಿಡಿದರು. ಒಂದು ಕೆಲಸದ ಕಸವು ಇನ್ನೊಂದರ ಸರಕಾಗಬೇಕೆಂಬ ಇಂದಿನ ನೀತಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಆ ಕಾಲದ ಹಿಂದೂದೇಶದಲ್ಲಿ ವಿರಳ. ಈ ಉಪಸರಕುಗಳ ಬೆಲೆಯಿಂದ ಇದ್ದಲಿನ ವೆಚ್ಚವು ಇಳಿಯುವುದೆಂಬುದೇ ಯೋಜನೆಯ ಬೆನ್ನೆಲುಬು.

ಆದರೆ ಕುಲುಮೆಗೆ ಬೆಂಕಿಯಿಟ್ಟ ಅದೇ ೧೯೨೩ರಲ್ಲಿ ಜರ್ಮನಿಯಲ್ಲಿ ಅನಿಲಗಳಿಂದಲೇ ಮರದ ಮದ್ಯಸಾರವನ್ನು ಕೃತಕವಾಗಿ ತಯಾರಿಸುವ ಕಾರ್ಖಾನೆ ನಡೆಯತೊಡಗಿತು. ಮುಂದಿನ ಕೆಲವು ವರ್ಷಗಳಲ್ಲಿ ಸೌದೆಯ ಮದ್ಯಸಾರದ ಪೇಟೆ ಕುಸಿಯಿತು. ಯುದ್ಧಾನಂತರ ಬೀಡುಕಬ್ಬಿಣದ ಬೆಲೆಯೂ ಇಳಿದಿತ್ತು. ಆಗ ನಿವೃತ್ತ ದಿವಾನರಾದ ವಿಶ್ವೇಶ್ವರಯ್ಯನವರನ್ನು ಮತ್ತೆ ಕರೆಯಿಸಿ ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಮಾಡಿದರು. ವೆಚ್ಚವನ್ನು ಬಿಗಿಹಿಡಿದು, ವಿದೇಶೀ ತಜ್ಞರ ಸ್ಥಾನದಲ್ಲಿ ದೇಶೀಯರನ್ನು ನಿಲ್ಲಿಸಿ, ೧೯೨೯ರವರೆಗೆ ಅವರು ಕಾರ್ಖಾನೆಯನ್ನು ಉಳಿಸಿದ ಕಥೆ ಎಲ್ಲರಿಗೂ ಗೊತ್ತು. ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದು ಇಷ್ಟೆ: ಕಷ್ಟಕಾಲದಲ್ಲಿ ಕಾರ್ಖಾನೆಯನ್ನು ತೂಗಿದ ತಕ್ಕಡಿ ಟನ್ನಿನ ವೆಚ್ಚದ್ದು. ಆ ತಕ್ಕಡಿಯಲ್ಲಿ ಸೌದೆಗೆ ಕಡಿಯುವ ಕೂಲಿ, ಸಾಗಿಸುವ ಕೂಲಿ, ಅರಣ್ಯದ ಇಲಾಖೆಗೆ ಕೊಡುವ ಹಣ ಇವೇ ಬೆಲೆ. ಬೋಳಾದ ನೆಲ ಮತ್ತೆ ಮರವಾಗುವ ಕಾಲಕ್ಕೂ, ಮಲೇರಿಯದ ಮಲೆಗಳಲ್ಲಿ ಮರ ಕಡಿದವನ ಜ್ವರಕ್ಕೂ ಕಬ್ಬಿಣದ ಬೆಲೆಯಲ್ಲಿ ಅಂಕಣವಿರಲಿಲ್ಲ. ಸ್ವೀಡನ್ನಿನಲ್ಲಿ ಕಾಡನ್ನು ಅಳೆಯುವ ಮಂಡಲಿ ಬೇರೆ, ಕಬ್ಬಿಣ ಮಾರುವ ಯಜಮಾನ ಬೇರೆ. ಇಲ್ಲಿ ಕಾಡೂ ಸಂಸ್ಥಾನದ್ದೇ, ಕುಲುಮೆಯೂ ಸಂಸ್ಥಾನದ್ದೇ. ಬೇಡವೆನ್ನತಕ್ಕವನು ಯಾರು?

ಕಾರ್ಖಾನೆಯ ಪೇಟೆಯಲ್ಲಿ ಮನೆಗಳು, ಆಸ್ಪತ್ರೆ, ಪಾಠಶಾಲೆ ಬಂದುವು. ೧೯೩೬ರಲ್ಲಿ ಉಕ್ಕು ತಯಾರಾಗತೊಡಗಿತು. ಆಮೇಲೆ ಸಿಮೆಂಟೂ ಬಂತು. ಲಾವ್‌ಸ್ತಾದ ಬೀದಿಯಂತೆಯೇ ಭದ್ರಾವತಿಯ ನೌಕರನಿಗೆ ಗೌರವದ ಬಾಳು ದೊರೆಯಿತು. ಇದು ಸಣ್ಣ ಸಂಗತಿಯಲ್ಲ, ಮೂರು ತಲೆಮಾರಿನ ಕುಟುಂಬಗಳು ಇದನ್ನು ಕೃತಜ್ಞತೆಯಿಂದ ನೆನೆಯುತ್ತವೆ. ಕಾಡಿನ ಕೂಲಿಯವನು ಇಲ್ಲಿಯೂ ಆ ಬೀದಿಯ ಆಚೆಗೇ ಉಳಿದನು.

೧೯೫೨ರಲ್ಲಿ ವಿದ್ಯುತ್ತಿನ ಕುಲುಮೆಗಳು ಬಂದುವು. ಇದರಲ್ಲಿ ಶಾಖಕ್ಕೆ ವಿದ್ಯುತ್ತು. ಇದ್ದಲು ಬೇಕಾದದ್ದು ಅದಿರಿನಿಂದ ಆಮ್ಲಜನಕವನ್ನು ಬಿಡಿಸುವುದಕ್ಕೆ ಮಾತ್ರ. ಆದಕಾರಣ ಟನ್ನಿಗೆ ಬೇಕಾಗುವ ಇದ್ದಲು ಅರ್ಧಕ್ಕಿಂತಲೂ ಕೆಳಗಿಳಿಯಿತು. ಕಾಡಿಗೆ ಬಿಡುಗಡೆಯೆಂದು 
ಯಾರಾದರೂ ಹೇಳಿದ್ದರೆ ಆಶ್ಚರ್ಯವಿಲ್ಲ. ಆ ವಿದ್ಯುತ್ತು ಬಂದದ್ದು ಜೋಗದ ಕೆಳಗೆ ೧೯೪೮ರಲ್ಲಿ ಆರಂಭವಾದ ಶಕ್ತಿಗೃಹದಿಂದ. ಅದಕ್ಕಾಗಿ ಶರಾವತಿಗೆ ಮಡೇನೂರಿನ ಬಳಿ ಹಿರೇಭಾಸ್ಕರದ ಅಣೆಕಟ್ಟನ್ನು ಕಟ್ಟಿ ನೀರನ್ನು ನಿಲ್ಲಿಸಿದರು. ಮುಂದೆ ೧೯೬೪ರಲ್ಲಿ ಇನ್ನೂ ದೊಡ್ಡದಾದ ಲಿಂಗನಮಕ್ಕಿಯ ಅಣೆಕಟ್ಟು ಬಂದು, ಕಣಿವೆಯ ಕಾಡು, ಗದ್ದೆ, ಅಡಕೆಯ ತೋಟ, ಹಳ್ಳಿಗಳೊಡನೆ ಹಿರೇಭಾಸ್ಕರವನ್ನೂ ಮುಳುಗಿಸಿತು. ಅಲ್ಲಿಂದ ಎದ್ದುಹೋದ ಒಕ್ಕಲುಗಳಲ್ಲಿ ಅನೇಕರಿಗೆ ತಾವು ನೆಲಸಿದ ಅರಣ್ಯಭೂಮಿಯ ಹಕ್ಕುಪತ್ರವು ಅರ್ಧ ಶತಮಾನ ಕಳೆದರೂ ಕೈಗೆ ಬರಲಿಲ್ಲ. ಮಳೆ ಕಡಮೆಯಾದ ವರ್ಷ ಬೇಸಗೆಯಲ್ಲಿ ಜಲಾಶಯದ ನೀರು ಇಳಿದಾಗ ಹಳೆಯ ಅಣೆಯ ಗೋಡೆಯೂ ಅದರ ತೂಬುಗಳೂ ಕೆಸರಿನ ಮೇಲೆ ಕಾಣಿಸಿಕೊಳ್ಳುತ್ತವೆ. ಸುತ್ತ ನೀರಿನಲ್ಲಿ ನಿಂತು ಕರಿದಾದ ಮರದ ಬೊಡ್ಡೆಗಳೂ ಕಾಣುತ್ತವೆ.